ಮಧ್ಯಾಹ್ನದ ಹಾಲು

ಎದೆಹಾಲು ತೆಗೆಯುವ ಗಾಜಿನ ಪಂಪಿಗೆ ಒಂಬತ್ತು ರೂಪಾಯಿ. ಡಬ್ಬಿಯ ಹಾಲಿನ ಪುಡಿಗೆ ಹದಿಮೂರು, ಅದೂ ಹತ್ತು ದಿನ ಬಂದರೆ ಪುಣ್ಯ. ಎಮ್ಮೆ ಹಾಲು ಅಗ್ಗವೇ, ಆದರೆ ಅದರ ಜೊತೆಗೆ ಡಾಕ್ಟರ ಫೀಸು, ಔಷಧದ ಸೀಸೆ ಎರಡನ್ನೂ ಕೂಡಿಸಿಕೊಳ್ಳಬೇಕು. ನೀರು ಬೆರೆಸಿ ಕುಡಿಸಿದ ಮಾರನೆಯ ದಿನವೇ ಕೂಸಿಗೆ ಭೇದಿ ಹತ್ತಿತ್ತು. ಇನ್ನು ಕೆಲಸ ಬಿಟ್ಟು ಮನೆಯಲ್ಲಿ ಕೂತರೆ ತಿಂಗಳಿಗೆ ಮುನ್ನೂರ ಹತ್ತು ರೂಪಾಯಿ ಹೋಗುತ್ತದೆ, ಮತ್ತು ಹೋದದ್ದು ತಿರುಗಿ ಬರುವುದಿಲ್ಲ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಆ ಕುರ್ಚಿಗೆ ಕಣ್ಣಿಟ್ಟವರು ಸಿರುಗುಪ್ಪ ತಾಲ್ಲೂಕಿನಲ್ಲಿ ಬೇಕಾದಷ್ಟು ಜನ ಇದ್ದರು.

ಚನ್ನವೀರಮ್ಮ ಈ ಲೆಕ್ಕ ಹಾಕಿದ್ದು ಕರೂರಿನಿಂದ ಸಿರುಗುಪ್ಪಕ್ಕೆ ಬರುವ ಸಂಜೆಯ ಬಸ್ಸಿನಲ್ಲಿ, ಕಂಬಿ ಹಿಡಿದು ನಿಂತುಕೊಂಡು. ಅವಳು ಕರೂರಿನ ಶಾಲೆಯಲ್ಲಿ ಟೀಚರು. ಮನೆಯಲ್ಲಿ ನೀಲಿ ಎಂದು ಕರೆಯುವ ಮಗಳು ನೀಲಮ್ಮನಿಗೆ ಮೂರು ತಿಂಗಳು ತುಂಬಿ, ಹೆರಿಗೆ ರಜೆ ಮುಗಿದು, ಕೆಲಸಕ್ಕೆ ಹತ್ತಿ ಒಂದು ವಾರವಾಗಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಮನೆ ಬಿಟ್ಟರೆ ತಿರುಗಿ ಬರುವಾಗ ದೀಪ ಹಚ್ಚುವ ಹೊತ್ತು. ಮಧ್ಯಾಹ್ನವಾಗುತ್ತಲೂ ಎದೆ ಕಲ್ಲಾಗುತ್ತಿತ್ತು. ಅದಕ್ಕಿಂತ ದೊಡ್ಡ ಚಿಂತೆ ಬೇರೆ ಇತ್ತು: ಕೂಸು ಕುಡಿಯದೆ ಬಿಟ್ಟ ಹಾಲನ್ನು ಮೈ ತಾನಾಗಿಯೇ ಕಡಿಮೆ ಮಾಡಿಕೊಳ್ಳುತ್ತದೆ. ಕುರುಗೋಡಿನಲ್ಲಿ ಹಾಲು ಮಾರುವ ಮನೆಯಲ್ಲಿ ಹುಟ್ಟಿ ಬೆಳೆದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಂದು ಹೊತ್ತು ಕರೆಯದೆ ಬಿಟ್ಟ ಎಮ್ಮೆ ಎಷ್ಟು ಬೇಗ ಬತ್ತುತ್ತದೆ ಎಂಬುದನ್ನು ಅವಳು ಲಂಗ ಉಡುವ ವಯಸ್ಸಿನಲ್ಲೇ ನೋಡಿದ್ದಳು.

ಅತ್ತೆ ವೀರಭದ್ರಮ್ಮ ಕೆಟ್ಟವಳಲ್ಲ. ಮೊಮ್ಮಗಳನ್ನು ದಿನವಿಡೀ ತೊಡೆಯ ಮೇಲೆ ಇಟ್ಟುಕೊಂಡು ಕೂರುವವಳೂ ಅವಳೇ, ಭೇದಿಯ ಬಟ್ಟೆ ಒಗೆದವಳೂ ಅವಳೇ. ಆದ್ದರಿಂದಲೇ ಅವಳ ಮಾತಿಗೆ ತೂಕವಿತ್ತು.

"ನೋಡು ಚನ್ನವ್ವ, ಪಂಚಮಿ ತನಕಾ ನೋಡ್ತೀನಿ. ಅಷ್ಟ್ರಾಗ ಕೂಸಿನ ಹೊಟ್ಟಿಗೆ ದಾರಿ ಆದ್ರ ಆತು. ಇಲ್ಲಾಂದ್ರ ನೀ ಸಾಲಿ ಬಿಡು. ಊರ ಮಕ್ಕಳಿಗೆ ಅಕ್ಷರ ಕಲಿಸಾಕ ಹೋಗಿ ನಮ್ಮ ಕೂಸು ಸೊರಗೋದು ನನಗ ನೋಡಾಕ ಆಗಂಗಿಲ್ಲ."

"ಪಂಚಮಿ ಬ್ಯಾಡ, ಅದಕ್ಕೂ ಮೊದ್ಲ ತೋರಸ್ತೀನಿ ತಗೋರಿ ಅತ್ತಿ," ಎಂದಳು ಚನ್ನವೀರಮ್ಮ.

ಪಂಪಿನ ಸುದ್ದಿ ಅವಳಿಗೆ ಸಿಕ್ಕಿದ್ದು ಹೆರಿಗೆ ಮಾಡಿಸಿದ ನರ್ಸಿನಿಂದ. ಸಿರುಗುಪ್ಪದ ಅಂಗಡಿಯಲ್ಲಿ ಅದು ಇರಲಿಲ್ಲ. ಕೇಳಿದರೆ ಅಂಗಡಿಯವನು ಪಂಪ್‌ಸೆಟ್ಟಿನ ಅಂಗಡಿಯ ದಿಕ್ಕಿಗೆ ಕೈ ತೋರಿಸಿದ. ಭಾನುವಾರ ಗಂಡ ಮರಿಬಸಪ್ಪನನ್ನು ಕರೆದುಕೊಂಡು ಬಳ್ಳಾರಿಯ ಬಸ್ಸು ಹತ್ತಿದಳು. ಮರಿಬಸಪ್ಪ ಅಕ್ಕಿ ಗಿರಣಿಯಲ್ಲಿ ಫಿಟ್ಟರು. ಮೋಟರು, ಪಟ್ಟಾ, ಬೇರಿಂಗು ಅವನ ಅನ್ನ.

"ಪಂಪಂದ್ರ ನನಗ ಬಿಡು. ಕೈಯಾಗ ಹಿಡಿದ್ರ ಸಾಕು, ಅದರ ಜಾತಕಾ ಹೇಳ್ತೀನಿ," ಎಂದು ಬಸ್ಸಿನುದ್ದಕ್ಕೂ ಹೇಳಿದವನು, ಸತ್ಯನಾರಾಯಣಪೇಟೆಯ ಔಷಧದ ಅಂಗಡಿಯ ಮೆಟ್ಟಿಲು ಹತ್ತಿದ ಕೂಡಲೇ ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿ ನಿಂತ. ಅಲ್ಲಿ ನಾಲ್ಕು ಜನ ಗಂಡಸರು ಕೆಮ್ಮಿನ ಔಷಧಕ್ಕೆ ಕಾಯುತ್ತಿದ್ದರು.

ಅಂಗಡಿಯ ಎರ್ರಿಸ್ವಾಮಿ ಕನ್ನಡಕದ ಮೇಲಿನಿಂದ ನೋಡಿದ. "ಯಾರಿಗವ್ವಾ?"

"ನನಗ."

"ದವಾಖಾನಿಯಾಗ ಬರದು ಕೊಟ್ಟಾರೇನು?"

"ಬರದು ಕೊಡಾಕ ಅದೇನು ಗುಳಿಗೇನ್ರಿ? ಎಷ್ಟು ತರಾ ಅದಾವು, ಅಷ್ಟೂ ತೋರಸ್ರಿ."

ಎರಡು ತರ ಇದ್ದವು. ಎರಡೂ ಒಂದೇ ಅಚ್ಚಿನವು: ಗಾಜಿನ ಚಿಕ್ಕ ಆಲಿಕೆ, ಅದರ ಕೆಳಗೆ ಹಾಲು ನಿಲ್ಲಲು ಗಾಜಿನದೇ ಒಂದು ಹೊಟ್ಟೆ, ಹಿಂದೆ ಸೈಕಲ್ ರಿಕ್ಷಾದ ಹಾರ್ನಿನಂಥ ರಬ್ಬರಿನ ಚೆಂಡು. ಚೆಂಡು ಒತ್ತಿ, ಆಲಿಕೆಯ ಬಾಯಿ ಎದೆಗೆ ಹಚ್ಚಿ, ಮೆಲ್ಲಗೆ ಬಿಟ್ಟರೆ ಎಳೆತ. ಅಷ್ಟೇ ಯಂತ್ರ. ಒಂದರ ಚೆಂಡು ದೊಡ್ಡದು, ಗಟ್ಟಿ, ಕೆಂಪಗೆ ಹೊಳೆಯುತ್ತಿತ್ತು. ಇನ್ನೊಂದರದು ಚಿಕ್ಕದು, ಮೆತ್ತಗಿತ್ತು.

"ದೊಡ್ಡದು ಒಯ್ರಿ, ಎಳತ ಜೋರೈತಿ," ಎಂದ ಎರ್ರಿಸ್ವಾಮಿ.

ಕ್ಯಾಲೆಂಡರಿನ ಕಡೆಯಿಂದಲೂ ಪಿಸುಮಾತು ಬಂತು. "ಜೋರಿಂದಾ ತಗಾ. ಕೆಲಸ ಲಗೂನ ಆಗ್ತೈತಿ."

ಚನ್ನವೀರಮ್ಮ ಎರಡನ್ನೂ ಎತ್ತಿ ಹತ್ತಿರ ಹಿಡಿದಳು. ಎರಡರ ಬಾಯಿಯ ಸುತ್ತಲೂ ಬೆರಳು ಆಡಿಸಿದಳು. ದೊಡ್ಡದರ ಗಾಜಿಗೆ ಒಂದು ಕಡೆ ಚೂರೇ ಚೂರು ತರಿ ಇತ್ತು. ಹಾಲು ನಿಲ್ಲುವ ಹೊಟ್ಟೆ ಎರಡರಲ್ಲಿ ಯಾವುದಕ್ಕೆ ಆಳ ಎಂದು ಬೆಳಕಿಗೆ ಹಿಡಿದು ನೋಡಿದಳು. ಹೊಟ್ಟೆ ಆಳವಿಲ್ಲದಿದ್ದರೆ ಹಾಲು ರಬ್ಬರಿನೊಳಗೆ ಹೋಗುತ್ತದೆ, ರಬ್ಬರಿನೊಳಗೆ ಹೋದ ಹಾಲನ್ನು ತೊಳೆದು ತೆಗೆಯುವುದು ಯಾರಿಂದಲೂ ಆಗದ ಕೆಲಸ. ಕೊನೆಗೆ ಮೊಳಕೈಯ ಒಳಬದಿಯ ಮೆತ್ತನೆ ಚರ್ಮಕ್ಕೆ ಒಂದೊಂದನ್ನೇ ಹಚ್ಚಿ ಚೆಂಡು ಬಿಟ್ಟಳು. ದೊಡ್ಡದು ಕಿತ್ತುಕೊಂಡು ಬರುವಾಗ ಬಳೆಯಷ್ಟು ಕೆಂಪು ಗುರುತು ಬಿಟ್ಟಿತು.

"ಇದು ಹಾಲು ತೆಗಿಯಾಕಲ್ಲ, ತೊಗಲು ಸುಲಿಯಾಕ ಮಾಡ್ಯಾರ," ಎಂದು ಅದನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಗಂಡನ ಬೆನ್ನಿಗೆ ಹೇಳಿದಳು: "ಜೋರಿಂದಾ ಬೇಕಂದ್ರ ಮೊದ್ಲ ನೀವು ಹಚ್ಕಂಡು ನೋಡ್ರಿ."

ಕೆಮ್ಮಿನ ಔಷಧಕ್ಕೆ ಬಂದವನೊಬ್ಬ ಕೆಮ್ಮದೆ ನಕ್ಕುಬಿಟ್ಟ. ಚಿಕ್ಕದನ್ನೂ, ಜೊತೆಗೆ ಹೆಚ್ಚಿನದೊಂದು ರಬ್ಬರನ್ನೂ ಕೊಂಡು, ಕಾಗದದಲ್ಲಿ ಸುತ್ತಿಸಿಕೊಂಡು ಅವಳು ಮೆಟ್ಟಿಲು ಇಳಿದಳು. ಮರಿಬಸಪ್ಪ ಹತ್ತು ಮಾರು ಹಿಂದೆ ಬಂದ.

ಮನೆಯಲ್ಲಿ ಪಂಪು ಚೆನ್ನಾಗಿ ಕೆಲಸ ಮಾಡಿತು. ಬೆಳಗಿನ ಜಾವ ಕೂಸು ಎಡಗಡೆ ಕುಡಿಯುತ್ತಿದ್ದಾಗ ಚನ್ನವೀರಮ್ಮ ಬಲಗಡೆಗೆ ಪಂಪು ಹಚ್ಚಿದಳು. ಒತ್ತಿದಳು, ಬಿಟ್ಟಳು. ನಾಲ್ಕೈದು ಸಲ ಒತ್ತುವಷ್ಟರಲ್ಲಿ ಸಣ್ಣ ಎಳೆಗಳು ಚಿಮ್ಮಿ ಗಾಜಿನ ಹೊಟ್ಟೆ ತುಂಬಿತು. ವೀರಭದ್ರಮ್ಮ ಓಡಿ ಬಂದು ಸೆರಗು ಮರೆ ಮಾಡಿದಳು. "ಮುಚ್ಚಲೇ, ಮುಚ್ಚು! ಬಾಗಲಾಗ ಯಾರರ ಕಂಡ್ರ ದೃಷ್ಟಿ ಆಗ್ತೈತಿ. ಎದಿಹಾಲು ಗಾಜಿನ್ಯಾಗ ಇಟ್ಟು ಮೆರಸೋದೇನು!"

ನೀರಿನಲ್ಲಿ ಕುದಿಸಿ ಆರಿಸಿದ ಬೆಳ್ಳಿಯ ಬಟ್ಟಲಿಗೆ ಆ ಹಾಲನ್ನು ಹಾಕಿ, ಮುಚ್ಚಿ, ಒದ್ದೆ ಮರಳು ತುಂಬಿದ ಗಡಿಗೆಯೊಳಗೆ ಇಟ್ಟು ಹೋಗುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಅತ್ತೆ ಅದನ್ನು ಒಳಲೆಯಿಂದ ಹನಿಹನಿಯಾಗಿ ಕೂಸಿಗೆ ಕುಡಿಸುತ್ತಿದ್ದಳು. ಭೇದಿ ನಿಂತಿತು. ಇದು ಅರ್ಧ ಕೆಲಸ. ಇನ್ನರ್ಧ ಕೆಲಸ ಶಾಲೆಯಲ್ಲಿತ್ತು. ಮಧ್ಯಾಹ್ನ ಎದೆ ಬರಿದು ಮಾಡದಿದ್ದರೆ ಬೆಳಗಿನ ಹಾಲೂ ನಿಲ್ಲುವುದಿಲ್ಲ.

ಕರೂರಿನ ಹೆಡ್‌ಮಾಸ್ಟರು ಜಂಬಣ್ಣ ಹಿರಿಯರು, ಆರು ಮಕ್ಕಳ ತಂದೆ. ಚನ್ನವೀರಮ್ಮ ಒಂದು ಕೋಣೆ ಬೇಕು ಎನ್ನುತ್ತಲೂ ಕಿಸೆಯಿಂದ ಕೀಲಿಕೈ ತೆಗೆದುಕೊಟ್ಟರು. "ಮ್ಯಾಪಿನ ಕೋಣಿ ತಗೋರಿ ಅಕ್ಕೋರ. ಒಳಗಿನ ಚಿಲಕ ಗಟ್ಟಿ ಐತಿ. ಏನು, ಎತ್ತ, ನಾ ಕೇಳಂಗಿಲ್ಲ. ನಮ್ಮ ಮನ್ಯಾಕಿ ಕೇಳ್ಯಾಳು, ಆಕಿಗೂ ಹೇಳಂಗಿಲ್ಲ."

ಸುತ್ತಿಟ್ಟ ಭೂಪಟಗಳು, ಮುರಿದ ಬೆಂಚು, ಸುಣ್ಣದ ಡಬ್ಬಿಗಳ ನಡುವೆ ಅವಳು ಕೂತಳು. ಅದೇ ಪಂಪು, ಅದೇ ಎದೆ, ಮುಟ್ಟಿದರೆ ನೋಯುವಷ್ಟು ತುಂಬಿದ ಎದೆ. ಒತ್ತಿದಳು, ಬಿಟ್ಟಳು. ಹೊರಗೆ ಮಕ್ಕಳು ಊಟದ ಬುತ್ತಿ ಬಿಚ್ಚಿಕೊಂಡು ಗಲಾಟೆ ಮಾಡುತ್ತಿದ್ದರು. ಗಂಟೆ ಬಾರಿಸುವವರೆಗೆ ಒತ್ತಿದರೂ ಗಾಜಿನ ತಳ ತೊಯ್ಯಲಿಲ್ಲ. ಮಾರನೆಯ ದಿನವೂ ಅಷ್ಟೇ. ಆ ವಾರವೆಲ್ಲ ಅಷ್ಟೇ.

ವಾರದ ಕೊನೆಗೆ ಬೆಳಗಿನ ಹಾಲು ಗಾಜಿನ ಹೊಟ್ಟೆಯ ಅರ್ಧಕ್ಕೆ ಇಳಿಯಿತು. ಸಂಜೆ ಕೂಸು ಎದೆಗೆ ಬಾಯಿಟ್ಟು, ಎಳೆದು, ಸಿಗದೆ ಬಿಟ್ಟು ಅಳತೊಡಗಿತು.

ಮರಿಬಸಪ್ಪ ಪಂಪನ್ನು ತನಿಖೆಗೆ ತೆಗೆದುಕೊಂಡ. ಪಂಕ್ಚರ್ ನೋಡುವವರ ಹಾಗೆ ರಬ್ಬರನ್ನು ಬಕೀಟಿನ ನೀರಿನಲ್ಲಿ ಮುಳುಗಿಸಿ ಹಿಚುಕಿದ. ಗುಳ್ಳೆ ಬರಲಿಲ್ಲ. ಆದರೂ ಗಾಜಿನ ಕತ್ತಿಗೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದ. "ಎಲ್ಲೋ ಗಾಳಿ ಹೊಕ್ಕಂತೈತಿ. ಅದಕ್ಕಾ ಎಳೆಯಂಗಿಲ್ಲ. ದೊಡ್ಡದು ತಗಾ ಅಂದ್ರ ಕೇಳ್ಲಿಲ್ಲ."

"ಮನ್ಯಾಗ ಎಳೀತೈತಿ, ಸಾಲ್ಯಾಗ ಎಳೆಯಂಗಿಲ್ಲ. ಸಾಲಿ ಗಾಳಿ ಬ್ಯಾರೆ, ಮನಿ ಗಾಳಿ ಬ್ಯಾರೆ ಐತೇನ್ರಿ?"

"ದೃಷ್ಟಿನಾ ಅದು," ಎಂದಳು ಅತ್ತೆ. "ನಾ ಮೊದ್ಲ ಹೇಳಿದ್ದಿಲ್ಲೇನು? ಪಂಚಮಿಗೆ ಇನ್ನ ಎಷ್ಟು ದಿನಾ ಉಳೀತು, ಎಣಸ್ಕ."

ಚನ್ನವೀರಮ್ಮ ಎಣಿಸಲಿಲ್ಲ. ಮನೆಯಲ್ಲಿ ಬರುವುದು ಶಾಲೆಯಲ್ಲಿ ಬಾರದಿದ್ದರೆ ಅದು ಪಂಪಿನ ತಪ್ಪಲ್ಲ ಎಂಬಷ್ಟು ಅವಳಿಗೆ ಖಾತ್ರಿಯಾಗಿತ್ತು. ಮತ್ತೇನು ಎಂಬುದಷ್ಟೇ ತಿಳಿದಿರಲಿಲ್ಲ.

ಅದು ತಿಳಿದದ್ದು ಸೋಮವಾರದ ಸಂಜೆಯ ಬಸ್ಸಿನಲ್ಲಿ. ಭತ್ತದ ನಾಟಿಯ ಕಾಲ. ಗದ್ದೆಯಿಂದ ಬಂದ ಹೆಣ್ಣಾಳುಗಳು ಮೊಣಕಾಲತನಕ ಕೆಸರು ಮೆತ್ತಿಕೊಂಡು ಬಸ್ಸು ತುಂಬಿದ್ದರು. ಅವರಲ್ಲಿ ಪಕ್ಕದಲ್ಲಿ ಕೂತ ಹುಲುಗಮ್ಮ ಎಂಬವಳ ಮಡಿಲಿನ ಕೂಸು ಎದ್ದು ಒಮ್ಮೆಲೇ ಅತ್ತಿತು. ಮರುಗಳಿಗೆಯಲ್ಲಿ ಚನ್ನವೀರಮ್ಮನ ಎರಡೂ ಎದೆ ಜುಮ್ಮೆಂದವು. ಬೆಳಿಗ್ಗೆಯಿಂದ ಕಲ್ಲಿನಂತಿದ್ದವು ಕಟ್ಟೆ ಒಡೆದಂತೆ ಸುರಿದು, ಕುಪ್ಪಸ ದಾಟಿ ಸೀರೆ ತೋಯಿಸಿದವು.

ಹುಲುಗಮ್ಮ ನೋಡಿ ಬಾಯಿ ತುಂಬ ನಕ್ಕಳು. "ಅಯ್ಯ ಅಕ್ಕೋರ! ಅತ್ತದ್ದು ನನ್ನ ಕೂಸು, ಸುರದದ್ದು ನಿಮ್ದು! ತಡೀರಿ, ಹಿಂಗಾದ್ರ ನಿಮಗಾ ಕೊಡ್ತೀನಿ, ನಾ ಒಂದೀಟು ಮಲಗ್ತೀನಿ."

"ಕೊಡವ್ವ, ಇಳಿಯೋ ತನಕಾ ಎತ್ತಿಕೊಂಡಿರ್ತೀನಿ," ಎಂದು ಸೆರಗು ಹೊದ್ದುಕೊಂಡು ಚನ್ನವೀರಮ್ಮ ಆ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡಳು. ಅದರ ನೆತ್ತಿಯಿಂದ ಎಣ್ಣೆ, ಬೆವರು, ಹುಳಿಹಾಲು ಕೂಡಿದ ವಾಸನೆ ಬಂತು. ಎದೆ ಮತ್ತೊಮ್ಮೆ ಜುಮ್ಮೆಂದಿತು.

ಬಸ್ಸು ಸಿರುಗುಪ್ಪ ಮುಟ್ಟುವಷ್ಟರಲ್ಲಿ ಅವಳಿಗೆ ತವರಿನ ಕೊಟ್ಟಿಗೆ ಕಣ್ಣ ಮುಂದೆ ಬಂದಿತ್ತು. ಒಂದು ವರ್ಷ ಅವ್ವ ಜಂಬಮ್ಮನ ಒಳ್ಳೆಯ ಎಮ್ಮೆಯೊಂದರ ಕರು ಸತ್ತುಹೋಗಿತ್ತು. ಎಮ್ಮೆ ಕೆಚ್ಚಲು ತುಂಬಿಕೊಂಡು ನಿಂತಿತ್ತು, ಅವ್ವ ಎಷ್ಟು ಹಿಂಡಿದರೂ ತೊರೆ ಬಿಡಲಿಲ್ಲ. ಆಗ ಸತ್ತ ಕರುವಿನ ತೊಗಲಿಗೆ ಹುಲ್ಲು ತುಂಬಿಸಿ, ಹೊಲಿಸಿ, ಎಮ್ಮೆಯ ಮೂತಿಯ ಮುಂದೆ ನಿಲ್ಲಿಸಿದರು. ಎಮ್ಮೆ ಅದನ್ನು ಮೂಸಿತು, ನೆಕ್ಕಿತು. ನೆಕ್ಕುತ್ತ ನೆಕ್ಕುತ್ತ ಚೊಂಬು ತುಂಬ ಹಾಲು ಕೊಟ್ಟಿತು. ಅದು ಹುಲ್ಲು ಎಂದು ಎಮ್ಮೆಗೆ ತಿಳಿಯಲಿಲ್ಲ ಎಂದಲ್ಲ. ಅದಕ್ಕೆ ವಾಸನೆ ಸಾಕಾಗಿತ್ತು. ಹಿಂಡುವ ಕೈ ಎಷ್ಟು ಜೋರಾಗಿದ್ದರೇನು, ಕರುವಿಲ್ಲದೆ ಎಮ್ಮೆ ಕೊಡುವುದಿಲ್ಲ. ಮ್ಯಾಪಿನ ಕೋಣೆಯಲ್ಲಿ ಪಂಪು ಇತ್ತು, ಕರು ಇರಲಿಲ್ಲ.

ಮನೆಗೆ ಬಂದವಳೇ ಕೇಳಿದಳು. "ಅತ್ತಿ, ನೀಲಿಯ ಕುಂಚಿಗಿ ಒಂದು ಬೇಕು ನನಗ. ನಾಳಿ ಸಾಲಿಗೆ ಒಯ್ತೀನಿ."

ವೀರಭದ್ರಮ್ಮ ಬೆಚ್ಚಿಬಿದ್ದಳು. ಕುಂಚಿಗೆ ಎಂದರೆ ಕೂಸಿನ ತಲೆ, ಬೆನ್ನು ಮುಚ್ಚುವ ಟೊಪ್ಪಿಗೆ. ಕೂಸಿನ ಮೈಗೆ ಸಮ. "ಊರ ದಾಟಿಸಿ ಒಯ್ತೀಯಾ? ದಾರ್ಯಾಗ ಏನೇನು ಗಾಳಿ, ಯಾರ್ಯಾರ ಕಣ್ಣು! ಕೂಸಿಂದು ತಲಿಮ್ಯಾಲಿನ ಅರಿವಿ ಹೊರಗ ಹೋಗಬಾರದು. ಯಾಕ ಬೇಕದು?"

"ಮಗಳು ನೆನಪಾಗ್ತಾಳ, ನೋಡಾಕ ಬೇಕು."

ಅದನ್ನು ಕೇಳಿ ಅತ್ತೆಯ ಮುಖ ಮೆತ್ತಗಾಯಿತು. ಬೆಳಿಗ್ಗೆ ಚೀಲದಲ್ಲಿ ಕುಂಚಿಗೆ ಮಡಿಸಿ ಇಟ್ಟಿತ್ತು. ಮಧ್ಯಾಹ್ನ ಮ್ಯಾಪಿನ ಕೋಣೆಯಲ್ಲಿ ಚನ್ನವೀರಮ್ಮ ಅದನ್ನು ಮುಖಕ್ಕೆ ಒತ್ತಿಕೊಂಡು, ಕಣ್ಣು ಮುಚ್ಚಿ, ಪಂಪು ಹಚ್ಚಿದಳು. ಏನೂ ಬರಲಿಲ್ಲ. ಮತ್ತೆ ಮೂಸಿದಳು. ಸೋಪಿನ ವಾಸನೆ, ಅದರ ಮೇಲೆ ಗಮ್ಮೆನ್ನುವ ಲೋಬಾನದ ಹೊಗೆ. ಅತ್ತೆ ರಾತ್ರಿಯೇ ಅದನ್ನು ಒಗೆದು, ಒಲೆಯ ಮೇಲೆ ಆರಿಸಿ, ದೃಷ್ಟಿ ತಾಗದಿರಲೆಂದು ಲೋಬಾನ ಹಾಕಿ ಹೊಗೆ ಹಿಡಿದಿದ್ದಳು. ಆ ಬಟ್ಟೆಯಲ್ಲಿ ಕೂಸೊಂದನ್ನು ಬಿಟ್ಟು ಉಳಿದೆಲ್ಲವೂ ಇತ್ತು. ಚನ್ನವೀರಮ್ಮ ಭೂಪಟಗಳ ನಡುವೆ ಒಬ್ಬಳೇ ಕೂತು ನಕ್ಕಳು. ತಪ್ಪು ತನ್ನದೇ. ನಿಜ ಹೇಳಿದ್ದರೆ ಒಂದು ದಿನ ಉಳಿಯುತ್ತಿತ್ತು.

ಸಂಜೆ ನಿಜ ಹೇಳಿದಳು. ಎಮ್ಮೆ, ತೊಗಲು, ಹುಲ್ಲು, ಎಲ್ಲ ಬಿಡಿಸಿ ಹೇಳಿದಳು. "ಒಗೆದದ್ದು ಬ್ಯಾಡ ಅತ್ತಿ. ಬೆವರು, ಎಣ್ಣಿ, ಜೊಲ್ಲು, ಎಲ್ಲಾ ಇರಬೇಕು. ರಾತ್ರಿ ಹಾಕ್ಕೊಂಡು ಮಲಗಿದ್ದು ಹಂಗಾ ಕೊಡ್ರಿ."

"ನನ್ನ ಮೊಮ್ಮಗಳನ್ನ ಹುಲ್ಲಿನ ಕರು ಮಾಡ್ತೀಯೇನಲೇ?" ಅತ್ತೆಗೆ ನಿಜಕ್ಕೂ ಸಿಟ್ಟು ಬಂತು. "ಸತ್ತ ಕರುವಿನ ಮಾತು ಕೂಸಿನ ಮುಂದ ಆಡ್ತೀಯಾ! ಬಿಡ್ತು ಅನ್ನು!"

"ಬಿಡ್ತು. ಬಿಡ್ತು. ಕರು ನಿಮ್ಮ ತೊಡಿಮ್ಯಾಗ ಗುಂಡಗಲ್ಲಿನಂಗ ಐತಿ. ನಾ ಎಮ್ಮಿ ಅಂತ ಹೇಳಾಕತ್ತೀನಿ, ಅದಕ್ಕ ಸಿಟ್ಟು ಬರಲಿಲ್ಲ ನಿಮಗ!"

ಮೂಲೆಯಲ್ಲಿ ಊಟಕ್ಕೆ ಕೂತಿದ್ದ ಮರಿಬಸಪ್ಪನಿಗೆ ರೊಟ್ಟಿ ನೆತ್ತಿಗೆ ಹತ್ತಿತು. "ಅಲ್ಲಬೇ," ಎಂದ ತಾಯಿಗೆ, ನೀರು ಕುಡಿದು. "ನೀರಿನ ಪಂಪಿಗೂ ಮೊದ್ಲ ಒಂದು ಬಿಂದಿಗಿ ನೀರು ಹಾಕಿದ್ರನಾ ಅದು ಮ್ಯಾಲ ಎಳೆಯೋದು. ಈಕಿ ಹೇಳೋದು ಖರೆ ಇರಬೇಕು. ಕೊಟ್ಟು ನೋಡು."

ವೀರಭದ್ರಮ್ಮ ಕೂಸನ್ನು ಸೊಸೆಯ ಮಡಿಲಿಗೆ ಹಾಕಿ ಎದ್ದಳು. ಆಮೇಲೆ ಒಲೆಯಿಂದ ಇದ್ದಿಲ ಚೂರೊಂದನ್ನು ತಂದಳು. "ಒಯ್ಯೋದಿದ್ರ ಇದನ್ನ ಮೂಲಿಗೆ ಕಟ್ಟಿ ಕೊಡ್ತೀನಿ. ಕಟ್ಟಬ್ಯಾಡ ಅಂದಿ ಅಂದ್ರ ಕುಂಚಿಗಿನೂ ಇಲ್ಲ."

"ಇದ್ದಿಲಿಗೆ ವಾಸನಿ ಇಲ್ಲ. ಒಂದ್ಯಾಕ, ಎರಡು ಕಟ್ರಿ," ಎಂದಳು ಚನ್ನವೀರಮ್ಮ. ಎಲ್ಲಿ ಜಗ್ಗಬೇಕು, ಎಲ್ಲಿ ಬಿಡಬೇಕು ಎಂಬುದು ಅವಳಿಗೆ ಗೊತ್ತಿತ್ತು.

ಬೆಳಿಗ್ಗೆ ಅತ್ತೆ ಕೂಸಿನ ತಲೆಯಿಂದ ಬಿಸಿಬಿಸಿಯಾಗಿಯೇ ಕುಂಚಿಗೆ ತೆಗೆದು, ಬಾಳೆ ಎಲೆಯಲ್ಲಿ ಸುತ್ತಿ ಕೊಟ್ಟಳು. ಮಧ್ಯಾಹ್ನ ಚಿಲಕ ಹಾಕಿಕೊಂಡು ಚನ್ನವೀರಮ್ಮ ಅವಸರ ಮಾಡಲಿಲ್ಲ. ಮೊದಲು ಪಂಪಿನ ಗಾಜನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿದಳು. ತಣ್ಣನೆಯ ಕೈಯಿಂದ ಅವ್ವ ಎಂದೂ ಕೆಚ್ಚಲು ಮುಟ್ಟುತ್ತಿರಲಿಲ್ಲ. ಆಮೇಲೆ ಎಲೆ ಬಿಚ್ಚಿ ಕುಂಚಿಗೆಯನ್ನು ಮೂಗಿಗೆ ಹಿಡಿದಳು. ಹರಳೆಣ್ಣೆ, ಹುಳಿಹಾಲು, ನೀಲಿಯ ಕತ್ತಿನ ಮಡಿಕೆಯ ಬೆವರು. ಮಗಳು ಬೆಳಿಗ್ಗೆ ಕುಡಿಯುವಾಗ ಹೇಗೆ ಕೈಯಿಂದ ತಾಳಿಯ ದಾರ ಹಿಡಿದಿದ್ದಳೋ ಅದನ್ನು ನೆನೆದಳು. ಎದೆ ಜುಮ್ಮೆಂದಿತು. ಆಗಷ್ಟೇ ಪಂಪು ಹಚ್ಚಿದಳು. ಚೆಂಡನ್ನು ಪೂರ್ತಿ ಒತ್ತಬೇಕಾಗಲೂ ಇಲ್ಲ. ಗಾಜಿನ ಹೊಟ್ಟೆ ತುಂಬಿತು. ಚೀಲದಲ್ಲಿ ತಂದಿದ್ದ ಬಟ್ಟಲಿಗೆ ಬಗ್ಗಿಸಿ ಮತ್ತೆ ಹಚ್ಚಿದಳು, ಮತ್ತೆ ತುಂಬಿತು. ಎರಡೂ ಎದೆ ಹತ್ತಿಯಂತೆ ಹಗುರಾದವು.

ಆ ಹಾಲು ಸಂಜೆಯವರೆಗೆ ಕೆಡದೆ ಉಳಿಯುವಂಥದ್ದಲ್ಲ. ತುಳಿಯುವ ಜಾಗದಲ್ಲಿ, ಇರುವೆ ಮುತ್ತುವ ಕಡೆ ಎದೆಹಾಲು ಚೆಲ್ಲಬಾರದು ಎಂಬುದನ್ನು ಅವಳೂ ಮೀರುವವಳಲ್ಲ. ಶಾಲೆಯ ಹಿಂದಿನ ಬೇಲಿಯಾಚೆ ಕಾಲುವೆ ಹರಿಯುತ್ತಿತ್ತು. ಹೋಗಿ ಹರಿಯುವ ನೀರಿಗೆ ಬಗ್ಗಿಸಿ, ಬಟ್ಟಲು ತೊಳೆದುಕೊಂಡು ಬಂದು ಮೂರನೆಯ ಇಯತ್ತೆಗೆ ಭಾಗಾಕಾರ ಹೇಳಿಕೊಟ್ಟಳು. ಆ ದಿನ ಯಾರಿಗೂ ಏಟು ಬೀಳಲಿಲ್ಲ.

ನಾಲ್ಕೈದು ದಿನದಲ್ಲಿ ಬೆಳಗಿನ ಹಾಲು ಮೊದಲಿನ ಮಟ್ಟಕ್ಕೆ ಏರಿತು. ಸಂಜೆ ಕೂಸು ಎಳೆದು ಬಿಟ್ಟು ಅಳುವುದು ನಿಂತಿತು. ಪಂಚಮಿಯ ದಿನ ವೀರಭದ್ರಮ್ಮ ನಾಗಪ್ಪನಿಗೆ ಹಾಲೆರೆದು ಬಂದು, ಎಳ್ಳುಂಡೆ ಸೊಸೆಯ ಕೈಗೆ ಕೊಟ್ಟಳು. ಶಾಲೆ ಬಿಡುವ ಮಾತು ಎತ್ತಲಿಲ್ಲ. ಚನ್ನವೀರಮ್ಮನೇ ಕೆಣಕಿದಳು.

"ಪಂಚಮಿ ಬಂತಲ್ಲ ಅತ್ತಿ. ಏನು ತೀರ್ಮಾನ?"

"ತೀರ್ಮಾನ ಏನೈತಿ? ನಾಳಿ ಬಸ್ ತಪ್ಪಿಸ್ಕಬ್ಯಾಡ, ಅಷ್ಟಾ," ಎಂದು ಅತ್ತೆ ಒಳಗೆ ಹೋದಳು.

ಆ ವಾರದ ಭಾನುವಾರ ಮಧ್ಯಾಹ್ನ ಚನ್ನವೀರಮ್ಮ ಮನೆಯಲ್ಲೇ ಇದ್ದಳು. ಪಂಪು ಬೇಡ, ಮ್ಯಾಪಿನ ಕೋಣೆ ಬೇಡ, ನೆರಳಿನಲ್ಲಿ ಚಾಪೆ ಹಾಸಿಕೊಂಡು ಮಗಳನ್ನು ಎದೆಗೆ ಹಾಕಿಕೊಂಡಳು. ನೀಲಿ ಬಾಯಿ ತಿರುಗಿಸಿದಳು. ಮತ್ತೆ ಹಚ್ಚಿದರೆ ಮತ್ತೆ ತಿರುಗಿಸಿದಳು. ಅವಳ ಕಣ್ಣು ಬಾಗಿಲ ಕಡೆಗೆ, ಅಜ್ಜಿಯ ಬಳೆಯ ಸದ್ದಿನ ಕಡೆಗೆ ಇತ್ತು. ವೀರಭದ್ರಮ್ಮ ಬಂದು ಕಾಲು ಚಾಚಿ ಕೂತದ್ದೇ ತಡ, ಕೂಸು ಆ ಕಡೆ ಕೈಕಾಲು ಬಡಿಯಿತು.

"ನೀ ಸುಮ್ಮನ ಕುಂದ್ರು, ಮಗಾ," ಎಂದಳು ಅತ್ತೆ ಕೂಸಿಗೆ, ಸೊಸೆಯ ಮುಖ ನೋಡದೆ. "ಅವ್ವನ ಹತ್ರ ಕುಡಿ. ಇವತ್ತು ಭಾನುವಾರ."

ಕೂಸಿಗೆ ಭಾನುವಾರ ತಿಳಿಯಲಿಲ್ಲ. ಚನ್ನವೀರಮ್ಮ ಎದ್ದು ಒಳಗೆ ಹೋಗಿ, ಬಟ್ಟಲು ತುಂಬಿಸಿಕೊಂಡು ಬಂದು ಅತ್ತೆಯ ಕೈಗೆ ಕೊಟ್ಟಳು. ಕೂಸು ಒಳಲೆಯಿಂದ ಅಷ್ಟನ್ನೂ ಕುಡಿದು ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋಯಿತು.

ನೀಲಿ ಅನ್ನ ಕಲಿಯುವವರೆಗೆ ತಾಯಿಯ ಹಾಲನ್ನೇ ಕುಡಿದು ಬೆಳೆದಳು. ಮುಂದಿನ ವರ್ಷ ಚನ್ನವೀರಮ್ಮನ ಕೆಲಸ ಕಾಯಂ ಆಯಿತು. ಮಧ್ಯಾಹ್ನದ ಹೊತ್ತಿಗೆ ಮಾತ್ರ ಮಗಳು ಅವಳ ಎದೆಗೆ ತಿರುಗಿ ಬರಲಿಲ್ಲ. ಅದು ಅಜ್ಜಿಯ ಪಾಲಾಯಿತು.